ಗದಗಿನ ವೇಳೆಗೆ ಏರಿಳಿದ ಸಮುದ್ರ

ಮೊನ್ನೆ ಮಗಳ ಸೈಕಲ್ಲಿನ ಚೈನು ಕಿರಗುಟ್ಟುತ್ತಿತ್ತು. ಕೆಳಗಿನ ಸಾಮಾನು ಕೋಣೆಯಿಂದ ಎಣ್ಣೆಯ ಪುಟ್ಟ ಡಬ್ಬಿ ಹುಡುಕಿ ತಂದೆ. ಮುಚ್ಚಳ ತೆಗೆದದ್ದೇ ತಡ, ಹೊಲಿಗೆ ಮಷೀನಿನ ಎಣ್ಣೆಯ ಆ ತೆಳ್ಳಗಿನ ವಾಸನೆ ಮೂಗಿಗೆ ಬಡಿಯಿತು. ಸೈಕಲ್ಲನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. "ಪಪ್ಪಾ, ಆರ್ ಯು ಓಕೆ?" ಎಂದು ಅನ್ವಿ ಓಡಿ ಬಂದಳು. ಏನಿಲ್ಲ, ಎಣ್ಣೆ ವಾಸನೆ ಅಂದೆ. ಅವಳೂ ಡಬ್ಬಿ ಮೂಸಿ ನೋಡಿದಳು. "ಅಜ್ಜನ ಮಷೀನ್" ಅಂದಳು, ಅದೂ ಕನ್ನಡದಲ್ಲಿ. ಆಮೇಲೆ ಇಬ್ಬರೂ ಚೈನಿಗೆ ಎಣ್ಣೆ ಬಿಟ್ಟೆವು.

೨೦೨೦ರ ಮಾರ್ಚ್ ಮೊದಲ ವಾರದಲ್ಲಿ ನನ್ನ ಮಾವನವರು, ಎಂದರೆ ನನ್ನ ಹೆಂಡತಿ ವಿಜಯಾಳ ತಂದೆ, ಗದಗಿನಿಂದ ಹೊರಟು ಡಚ್ಚರ ನಾಡಿನ ವೂರ್‌ಬರ್ಗ್‌ನ ನಮ್ಮ ಮನೆಗೆ ಬಂದಿಳಿದರು. ಜೀವಮಾನವೆಲ್ಲ ಕಾಲೇಜಿನ ಹುಡುಗರಿಗೆ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಮಗಳನ್ನೂ ಮೊಮ್ಮಗಳನ್ನೂ ನೋಡಲು ಬಂದರೆಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ಅವರು ಬಂದದ್ದು ಗಡ್ಡದಜ್ಜನ ಸಲುವಾಗಿ. ನಾವು ದಾರಿಯಲ್ಲಿ ಸಿಕ್ಕವರು, ಅಷ್ಟೇ.

ಗಡ್ಡದಜ್ಜ ಎಂದರೆ ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ವಿಜ್ಞಾನಿ. ಶಾಲೆಯ ಪುಸ್ತಕ ಓದಿದವರಿಗೆ ಆತನ ಹೆಸರು ಗೊತ್ತಿರುತ್ತದೆ. ಆದರೆ ನಮ್ಮ ಮನೆಯಲ್ಲಿ ಆತನನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಗದಗಿನ ಮನೆಯ ಪಡಸಾಲೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಆತನ ಚಿತ್ರವೂ ತೂಗುತ್ತಿತ್ತು. ಶ್ರಾವಣ ಸೋಮವಾರ ಅತ್ತೆಯವರು ಎಲ್ಲ ಪಟಗಳಿಗೂ ಹೂ ಏರಿಸುವಾಗ ಆ ಗಡ್ಡಕ್ಕೂ ಒಂದು ಸೇವಂತಿಗೆ ಸಿಕ್ಕಿಸುತ್ತಿದ್ದರು. ಯಾಕೆ ಎಂದು ಕೇಳಿದರೆ, "ಇರಲಿ, ಯಾವ ಹುತ್ತದಾಗ ಯಾವ ಹಾವೋ" ಅನ್ನುತ್ತಿದ್ದರು.

ಆ ಅಜ್ಜ ಸಮುದ್ರದ ತಳದಲ್ಲಿ ಟೆಲಿಗ್ರಾಫ್ ತಂತಿ ಹಾಸುವ ಹಡಗಿನಲ್ಲಿ ತಾನೇ ಹೋದವನು. ತಂತಿ ತುಂಡಾದರೂ ಬಿಡದೆ ಮತ್ತೆ ಮತ್ತೆ ಹೋದವನು. ಸಾಗರದ ಆ ದಡದಿಂದ ಸೋತು ಸುಣ್ಣವಾಗಿ ಬರುವ ಸಂಕೇತವನ್ನು ಓದಲು ಸಣ್ಣ ಕನ್ನಡಿಯ ಚೂರಿನಿಂದ ಒಂದು ಉಪಕರಣ ಮಾಡಿದ. ಹಡಗಿನ ದಿಕ್ಸೂಚಿಯನ್ನು ತಿದ್ದಿದ. ಇವೆಲ್ಲಕ್ಕಿಂತ ಮಾವನವರಿಗೆ ಹುಚ್ಚು ಹಿಡಿಸಿದ್ದು ಆತನ ಇನ್ನೊಂದು ಯಂತ್ರ. ಸಮುದ್ರದ ಉಬ್ಬರ ಇಳಿತವನ್ನು ಮುಂಚಿತವಾಗಿ ಹೇಳುವ ಹಿತ್ತಾಳೆಯ ಯಂತ್ರ ಅದು. ಅಂಥದ್ದೊಂದು ಬ್ರಿಟನ್ನಿನ ಮ್ಯೂಸಿಯಂನಲ್ಲಿತ್ತು. ನಮ್ಮಲ್ಲಿಗೆ ಬಂದು, ಇಲ್ಲಿಂದ ಸಮುದ್ರ ದಾಟಿ ಅದನ್ನು ಒಮ್ಮೆ ಕಣ್ಣಾರೆ ನೋಡಿ, ತಿಂಗಳೊಳಗೆ ಗದಗಿಗೆ ಮರಳುವುದು ಅವರ ಯೋಜನೆ.

ಅತ್ತೆ ಬರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು. "ನನ್ನ ಗಡ್ಡಾ ಇಲ್ಲದ ಮಾರಿ ನೋಡಿ ನೋಡಿ ಸಾಕಾಗೇತಿ ಇವ್ರಿಗೆ. ಹೋಗಿ ನೋಡ್ಕೊಂಡ ಬರ್ಲಿ" ಎಂದು ಫೋನಿನಲ್ಲಿ ನಗುತ್ತ ಮಾವನವರನ್ನು ಕಳಿಸಿಕೊಟ್ಟಿದ್ದರು. ಜೊತೆಗಿರಲು ಅತ್ತೆಯ ತಂಗಿ ಕಸ್ತೂರಿ ಬಂದಿದ್ದರು.

ಮಾವನವರು ಬಂದ ಮರುವಾರವೇ ಇಲ್ಲಿ ಶಾಲೆಗಳು ಮುಚ್ಚಿದವು. ಮ್ಯೂಸಿಯಂ ಮುಚ್ಚಿತು. ವಿಮಾನಗಳು ನಿಂತವು. ರೈಸ್‌ವೈಕ್‌ನ ನನ್ನ ಆಫೀಸು ನಮ್ಮ ಊಟದ ಮೇಜಿಗೆ ಬಂತು. ಎರಡು ಕೋಣೆಯ ಮನೆಯಲ್ಲಿ ನಾಲ್ಕು ಜನ, ಮೂರು ಲ್ಯಾಪ್‌ಟಾಪು. ಆ ವಸಂತದಲ್ಲಿ ಎಂದೂ ಇಲ್ಲದಂಥ ಬಿಸಿಲು. ಈ ದೇಶಕ್ಕೆ ಬಂದ ಮೇಲೆ ಅಂಥ ನೀಲಿ ಆಕಾಶವನ್ನು ನಾನು ಕಂಡೇ ಇರಲಿಲ್ಲ. ಕಾಲುವೆಯ ದಂಡೆಯ ಮೇಲೆ ಹೂ ಅರಳುತ್ತಿದ್ದವು, ಟಿವಿಯಲ್ಲಿ ಹೆಣದ ಲೆಕ್ಕ ಹೇಳುತ್ತಿದ್ದರು. ಮಳೆಯಾದರೂ ಬಂದಿದ್ದರೆ ಮನಸ್ಸಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಮಾವನವರ ಎಡಗೈಯಲ್ಲಿ ಕೀ ಕೊಡುವ ಹಳೆಯ ಗಡಿಯಾರವೊಂದಿತ್ತು. ವಿಮಾನದಿಂದ ಇಳಿದ ಮೇಲೂ ಅವರು ಅದರ ಮುಳ್ಳು ತಿರುವಲಿಲ್ಲ. ಅದು ಗದಗಿನ ವೇಳೆಯನ್ನೇ ತೋರಿಸುತ್ತಿತ್ತು. ಕಾರಣ ಅತ್ತೆಯವರ ಇನ್ಸುಲಿನ್. ಬೆಳಿಗ್ಗೆ, ರಾತ್ರಿ, ಊಟಕ್ಕೆ ಮೊದಲು ಸೂಜಿ ಚುಚ್ಚಿಕೊಳ್ಳಬೇಕು. ಅತ್ತೆಗೆ ಸೂಜಿ ಎಂದರೆ ಜೀವ ಹೋಗುವಷ್ಟು ಭಯ. ಊರಿನಲ್ಲಿದ್ದಾಗ ಚುಚ್ಚುತ್ತಿದ್ದವರು ಮಾವನವರೇ. ಮದುವೆಯಾದಾಗಿನಿಂದ ಆ ಮನುಷ್ಯ ಹೆಂಡತಿಗೆ ಮಾಡಿದ ದೊಡ್ಡ ಸೇವೆ ಎಂದರೆ ಅದೊಂದೇ ಎಂದು ವಿಜಯಾ ಚೇಷ್ಟೆ ಮಾಡುತ್ತಿದ್ದಳು. ಈಗ ತಂಗಿ ಚುಚ್ಚಬೇಕು, ಅತ್ತೆ ಏನಾದರೂ ನೆಪ ತೆಗೆದು ಜಾರಿಕೊಳ್ಳಬೇಕು, ಮಾವನವರು ಇಲ್ಲಿಂದ ಫೋನಿನಲ್ಲಿ ಗದರಬೇಕು.

"ಸೂಜಿ ಆತೇನ?"

"ಆತ್ರೀ."

"ಸುಳ್ಳ ಹೇಳಬ್ಯಾಡ. ಕಸ್ತೂರಿ ಕೈಯಾಗ ಫೋನ್ ಕೊಡು."

ಮಾತು ಮುಗಿಸಿ ಫೋನ್ ಇಡುವಾಗ ದಿನವೂ ಒಂದೇ ಮಾತು. "ಗಡ್ಡದಜ್ಜನ ಪುಣ್ಯಾ. ಅಂವ ಅವತ್ತು ನೀರಾಗ ತಂತಿ ಬಿಡಲಿಲ್ಲಂದ್ರ ಇವತ್ತು ಈ ಮಾತು ಎಲ್ಲಿಂದ ಬರ್ತಿತ್ತು?"

ಊಟ, ನಿದ್ದೆ, ನಮ್ಮೊಂದಿಗಿನ ಮಾತುಕತೆ ಎಲ್ಲವೂ ನಮ್ಮ ಗೋಡೆಯ ಗಡಿಯಾರಕ್ಕೆ ತಕ್ಕಂತೆ ನಡೆಯುತ್ತಿದ್ದವು. ಕೈಯಲ್ಲಿದ್ದದ್ದು ಮಾತ್ರ ಅತ್ತೆಯ ಗಡಿಯಾರ.

ಏಪ್ರಿಲಿನಲ್ಲಿ ಅವರು ನನ್ನ ಮೇಜಿನ ಎದುರು ಬಂದು ನಿಂತರು. ನಾನು ಮೀಟಿಂಗಿನಲ್ಲಿದ್ದೆ. "ಅಳಿಯಂದಿರ, ಮ್ಯೂಸಿಯಂ ನಮ್ಮ ಕಡೆ ಬರೂದಿಲ್ಲ. ನಾವ ಒಂದು ಮಾಡೂಣು" ಅಂದರು. ಏನು ಎಂದು ನಾನು ಕೇಳುವ ಮೊದಲೇ ಅನ್ವಿಯ ಆಟಿಕೆಯ ಬುಟ್ಟಿಯನ್ನು ನೆಲದ ಮೇಲೆ ಸುರಿದಿದ್ದರು.

ಇಲ್ಲಿ ಬಡಗಿ ಸಾಮಾನಿನ ದೊಡ್ಡ ಅಂಗಡಿಗಳು ತೆರೆದೇ ಇದ್ದವು. ತಲೆಗೊಂದು ತಳ್ಳುಗಾಡಿ ಹಿಡಿದು ದೂರ ದೂರ ಸಾಲು ನಿಲ್ಲಬೇಕು. ಹಾಗೆ ನಿಂತು ಪರದೆಗೆ ಹಾಕುವ ಸಣ್ಣ ರಾಟೆ, ಮೀನಿನ ಗಾಳದ ದಾರ, ಪ್ಲೈವುಡ್ ಹಲಗೆ ತಂದೆ. ವಿಜಯಾಳ ಹೊಲಿಗೆ ಡಬ್ಬಿಯ ಖಾಲಿ ರೀಲುಗಳು ಹೋದವು, ಹೊಲಿಗೆ ಮಷೀನಿನ ಎಣ್ಣೆಯೂ ಹೋಯಿತು. ಮಾವನವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೊಮ್ಮಗಳಿಗೆ ಪಾಠ ಹೇಳುತ್ತಿದ್ದರು.

"ನೋಡವಾ, ಇದು ಚಂದ್ರನ ಗಾಲಿ. ಇದು ಸೂರ್ಯಾಂದು. ಚಂದ್ರ ಒಮ್ಮೆ ಹತ್ತರ ಬರ್ತಾನ, ಒಮ್ಮೆ ದೂರ ಹೊಕ್ಕಾನ, ಅದಕ್ಕೊಂದು ಗಾಲಿ. ಒಬ್ಬೊಬ್ರೂ ತಮ್ಮ ತಮ್ಮ ಪಾಡಿಗೆ ನೀರು ಜಗ್ಗತಾರ. ಎಲ್ಲಾ ರಾಟಿ ಮ್ಯಾಲೂ ಒಂದ ದಾರ ಹಾಸಿದ್ರ, ಆ ದಾರದ ತುದಿ ಎಲ್ಲಾರ ಜಗ್ಗಾಟ ಕೂಡಿಸಿ ತೋರಸ್ತೈತಿ. ತುದಿಗೆ ಪೆನ್ನು ಕಟ್ಟು, ಹಿಡಿಕಿ ತಿರುವು. ಮುಗೀತು."

"ಹಾಗಾದ್ರೆ ನೆಕ್ಸ್ಟ್ ಇಯರ್‌ದೂ ಹೇಳತ್ತಾ, ಓಪಾ?" ಇಲ್ಲಿಯ ಮಕ್ಕಳಂತೆ ಅವಳು ಅಜ್ಜನನ್ನು ಓಪಾ ಎನ್ನುತ್ತಿದ್ದಳು.

"ತಿರುವಕೋಂತ ಹೋದ್ರ ನಿನ್ನ ಮದುವಿ ದಿನದ್ದೂ ಹೇಳ್ತೈತಿ. ಕಾರವಾರ ಬಂದರಕ್ಕ ನೀರು ಯಾವಾಗ ಬರ್ತೈತಿ ಅಂತ ಆವಾಗ ಇಂಥಾ ಮಷೀನ ಲಂಡನ್ನಿನಾಗ ಕುಂತ ಹೇಳ್ತಿತ್ತು."

ನಾನು ಹೆಡ್‌ಫೋನ್ ತೆಗೆದು ಕೇಳಿಸಿಕೊಳ್ಳುತ್ತಿದ್ದೆ. ಮುಂದಿನ ವಾರ ಅಂಗಡಿಯಲ್ಲಿ ಏನು ಸಿಗುತ್ತದೆಂದು ಯಾರಿಗೂ ಗೊತ್ತಿರದ ಆ ದಿನಗಳಲ್ಲಿ, ವರ್ಷಗಟ್ಟಲೆ ಮುಂದಿನದನ್ನು ಹೇಳುವ ಒಂದು ವಸ್ತು ನಮ್ಮ ಮನೆಯ ನೆಲದ ಮೇಲೆ ತಯಾರಾಗುತ್ತಿತ್ತು. ಹೊಟ್ಟೆಕಿಚ್ಚಾಗುವಷ್ಟು ಸಮಾಧಾನವಿತ್ತು ಆ ಮುದುಕರ ಮುಖದಲ್ಲಿ.

ಗಾಲಿಗಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಬೇಕಾದರೆ ನಿಜವಾದ ಸಮುದ್ರವನ್ನು ನೋಡಬೇಕು. ತಯಾರಾದ ಪಟ್ಟಿ ಇಂಟರ್ನೆಟ್ಟಿನಲ್ಲೇ ಇದೆ ಎಂದು ನಾನು ಹೇಳಿದ್ದಕ್ಕೆ, "ಪರೀಕ್ಷಾದಾಗ ಕಾಪಿ ಹೊಡಿಯೂ ಚಾಳಿ ಇನ್ನೂ ಬಿಟ್ಟಿಲ್ಲೇನ್ರಿ?" ಎಂದು ನಕ್ಕರು. "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ನಡೀರಿ." ವಾರದ ಕೊನೆಗೆ ಪೊಲೀಸರು ಸ್ಕೇವನಿಂಗನ್ ಬೀಚಿನ ದಾರಿ ಮುಚ್ಚುತ್ತಿದ್ದರು. ಹಾಗಾಗಿ ಉಳಿದ ದಿನಗಳಲ್ಲಿ, ಕೆಲಸಕ್ಕೆ ಮೊದಲು ಒಮ್ಮೆ, ಕೆಲಸ ಮುಗಿದ ಮೇಲೆ ಒಮ್ಮೆ, ಅವರನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದೆ. ಖಾಲಿ ದಂಡೆ, ಅದರಿಂದ ನೀರೊಳಗೆ ಚಾಚಿದ ಒಂದು ಕಲ್ಲಿನ ಒಡ್ಡು. ಮಂಕಿ ಕ್ಯಾಪು, ಮಾಸ್ಕು, ಧೋತರದ ಮೇಲೆ ನನ್ನ ಹಳೆಯ ಜಾಕೆಟ್ಟು. ಕೋಲು ನೆಟ್ಟು, ನೀರಿನ ಅಂಚನ್ನೇ ನೋಡುತ್ತ ನಿಲ್ಲುತ್ತಿದ್ದರು. ನೀರು ಹಿಂದೆಗೆಯಿತು ಅನ್ನಿಸಿದಾಗ ಕೈ ಎತ್ತಿ ವೇಳೆ ನೋಡಿ ಬರೆದುಕೊಳ್ಳುತ್ತಿದ್ದರು.

ಮೇ ತಿಂಗಳಲ್ಲಿ ಯಂತ್ರ ಓಡಿತು. ಹಿಡಿಕೆ ತಿರುವಿದರೆ ಪೆನ್ನು ಕಾಗದದ ಮೇಲೆ ಬೆಟ್ಟ ಕಣಿವೆ ಬರೆಯುತ್ತ ಹೋಗುತ್ತಿತ್ತು. ಮಾವನವರು ಎರಡು ದಿನ ಮುಂದಕ್ಕೆ ತಿರುವಿ, ಒಂದು ಕಣಿವೆಯ ತಳಕ್ಕೆ ಬೆರಳಿಟ್ಟು, "ಗುರುವಾರ ಮೂರಕ್ಕ ನೀರು ಪೂರಾ ಇಳದಿರ್ತೈತಿ. ಆ ಕಲ್ಲಿನ ಒಡ್ಡಿನ ತುದಿ ಮಟಾ ಉಸುಕಿನ ಮ್ಯಾಲ ಒಣಗಾಲಲೆ ನಡೀಬಹುದು" ಎಂದು ಸಾರಿದರು. ಗದಗಿಗೂ ಸುದ್ದಿ ಹೋಯಿತು. "ಮೂರಕ್ಕ ಫೋನ್ ಹಿಡಕೊಂಡ ಕುಂಡ್ರು. ಸಮುದ್ರ ನಾ ಹೇಳಿದಂಗ ಕೇಳೂದು ನೋಡಿಯಂತ."

ಗುರುವಾರ ನಾನು ರಜೆ ಹಾಕಿದೆ. ಗೋಡೆಯ ಗಡಿಯಾರ ನೋಡಿ ಹೊರಟು ಮೂರಕ್ಕೆ ಸರಿಯಾಗಿ ದಂಡೆಯ ಮೇಲಿದ್ದೆವು. ಕಲ್ಲಿನ ಒಡ್ಡಿನ ಮುಕ್ಕಾಲು ಭಾಗ ನೀರಿನಲ್ಲಿತ್ತು. ನೋಡನೋಡುತ್ತಿದ್ದಂತೆ ನೀರು ಇನ್ನೂ ಏರುತ್ತಿತ್ತು. ಅನ್ವಿಯ ಬೂಟು ನೆನೆಯಿತು. ಅಷ್ಟರಲ್ಲಿ ಫೋನ್ ಬಂತು, ಅತ್ತೆಯದು. ಗಾಬರಿ, ಸಿಟ್ಟು ಎರಡೂ ಇದ್ದವು ದನಿಯಲ್ಲಿ.

"ಏನ್ರೀ, ಮೂರು ಗಂಟೇದಿಂದ ಫೋನ್ ಹಿಡಕೊಂಡ ಕುಂತೀನಿ. ಇಲ್ಲಿ ಕತ್ತಲಾಗಾಕ ಬಂತು. ಎಲ್ಲಾರೂ ಅರಾಮ ಅದೀರಿಲ್ಲೋ?"

ಮಾವನವರು ಕೈ ಎತ್ತಿ ಗಡಿಯಾರ ನೋಡಿದರು. ಆರೂವರೆ ದಾಟಿತ್ತು. ಅವರ ಮುಖ ನೋಡಿ ನನಗೂ ಆಗಲೇ ಹೊಳೆಯಿತು. ಇಷ್ಟು ದಿನ ದಂಡೆಯ ಮೇಲೆ ನಿಂತು ಅವರು ಬರೆದುಕೊಂಡದ್ದೆಲ್ಲ ಕೈಗಡಿಯಾರದ ವೇಳೆ. ಯಂತ್ರಕ್ಕೆ ಕಲಿಸಿದ್ದು ನಮಗಿಂತ ಮೂರೂವರೆ ತಾಸು ಮುಂದಿರುವ ಗದಗಿನ ವೇಳೆ. ಅತ್ತೆ ಫೋನ್ ಹಿಡಿದು ಕೂತ ಮೂರು ಗಂಟೆಗೆ, ಎಂದರೆ ನಾವಿನ್ನೂ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೊತ್ತಿಗೆ, ನೀರು ನಿಜವಾಗಿಯೂ ಪೂರಾ ಇಳಿದಿತ್ತು.

"ಮಷೀನ ಬರೋಬ್ಬರಿ ಐತಿ" ಅಂದರು ಮೆಲ್ಲಗೆ. "ಅಕಿ ಗಡಿಯಾರಕ್ಕ ಬರೋಬ್ಬರಿ ಐತಿ." ಫೋನಿನ ಆ ಕಡೆಯಿಂದ ಅತ್ತೆ ನಕ್ಕದ್ದು ಗಾಳಿಯಲ್ಲೂ ಕೇಳಿಸಿತು. "ಹಂಗಾರ ಸಮುದ್ರಾನೂ ನನ್ನ ಮಾತ ಕೇಳ್ತೈತಿ ಅನ್ರಿ. ನೀವ ಒಬ್ರು ಕೇಳೂದಿಲ್ಲ. ಸಾಕು, ಬರ್ರಿನ್ನ ಊರಿಗೆ."

ಬನ್ನಿ ಎಂದು ಅತ್ತೆ ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. ಯಂತ್ರವನ್ನು ತಿದ್ದೋಣ ಎಂದೆ. ಒಂದು ಗಾಲಿ ಸಡಿಲಿಸಿ ತಿರುವಿದರೆ ಮುಗಿಯುವ ಕೆಲಸ. ಮಾವನವರು ಬೇಡ ಅಂದರು.

ಜೂನಿನಲ್ಲಿ ಸರ್ಕಾರ ಬಿಟ್ಟ ವಿಶೇಷ ವಿಮಾನವೊಂದರಲ್ಲಿ ಅವರಿಗೆ ಸೀಟು ಬಂತು. ದೆಹಲಿಯವರೆಗೆ ಮಾತ್ರ. ಅಲ್ಲಿ ಯಾವುದೋ ಹೋಟೆಲಿನಲ್ಲಿ ಕ್ವಾರಂಟೈನು, ಆಮೇಲೆ ಗದಗಿಗೆ ರೈಲು ಇದೆಯೋ ಇಲ್ಲವೋ ಹೇಳುವವರಿಲ್ಲ. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ವಿಜಯಾ ರಾತ್ರಿಯಿಡೀ ಅತ್ತಳು. ಮಾವನವರು ಪೆಟ್ಟಿಗೆ ಕಟ್ಟಿಯೇ ಬಿಟ್ಟರು. ಬಿಚ್ಚಿಸಿದವರು ಅತ್ತೆ.

"ಬ್ಯಾಡ್ರಿ. ದೆಹಲ್ಯಾಗ ನಿಮಗೇನರ ಆದ್ರ ನಾ ಯಾರನ್ನ ಕೇಳ್ಲಿ? ಬೆಂಗಳೂರಿಗೆ ವಿಮಾನ ಬಿಟ್ಟಾಗ ಬರ್ರಿ. ಸೂಜಿ ಕಸ್ತೂರಿ ಚುಚ್ಚತಾಳ. ನಿಮಗಿಂತ ಚಂದ ಚುಚ್ಚತಾಳ, ನೋವಾಗೂದಿಲ್ಲ."

ಆ ಮಾತು ಸುಳ್ಳೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೂ ಪೆಟ್ಟಿಗೆ ಬಿಚ್ಚಿದರು.

ಜುಲೈ ನಡುವೆ ಗದಗಿನಲ್ಲಿ ಕಸ್ತೂರಿ ಚಿಕ್ಕಮ್ಮನಿಗೆ ಮೊದಲು ಜ್ವರ ಬಂತು, ಹಿಂದೆಯೇ ಅತ್ತೆಗೆ. ಚಿಕ್ಕಮ್ಮನನ್ನು ಮನೆಯಲ್ಲೇ ಉಳಿಸಿ ಅತ್ತೆಯನ್ನು ಆಸ್ಪತ್ರೆಗೆ ಒಯ್ದರು. ಆ ವಾರ್ಡಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಗದಗಿನಲ್ಲಿದ್ದ ಚಿಕ್ಕಮ್ಮನಿಗೂ ಇಲ್ಲಿದ್ದ ನಮಗೂ ಆಸ್ಪತ್ರೆ ಒಂದೇ ದೂರ. ಮಾವನವರು ಕೈಗಡಿಯಾರ ನೋಡಿಕೊಂಡು, ಸೂಜಿಯ ಹೊತ್ತಾದಾಗಲೆಲ್ಲ ಫೋನ್ ಹಚ್ಚುತ್ತಿದ್ದರು. ಕೆಲವು ಸಲ ಯಾರೋ ಎತ್ತುತ್ತಿದ್ದರು, ಕೆಲವು ಸಲ ಇಲ್ಲ. ಎತ್ತಿದವರಿಗೆ, "ಅಕಿ ಸೂಜಿಗೆ ಅಂಜತಾಳ್ರಿ. ಚುಚ್ಚೂ ಮೊದಲ ಏನರ ಮಾತಾಡಿಸ್ರಿ" ಎಂದು ಬೇಡಿಕೊಳ್ಳುತ್ತಿದ್ದರು. ಇಡೀ ಕಾಲೇಜನ್ನು ಒಂದು ಗದರಿಕೆಯಲ್ಲಿ ಕೂಡಿಸುತ್ತಿದ್ದ ಮನುಷ್ಯ ಹಾಗೆ ಬೇಡುವುದನ್ನು ನಾನು ಕೇಳಲಾರದೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಲ್ಲುತ್ತಿದ್ದೆ.

ಒಂದು ಮಧ್ಯಾಹ್ನ ಆ ಕಡೆಯಿಂದಲೇ ಫೋನ್ ಬಂತು. ಯಾರೋ ನರ್ಸ್ ಅತ್ತೆಯ ಕಿವಿಗೆ ಹಿಡಿದಿರಬೇಕು. ಮಾವನವರು ಸ್ಪೀಕರ್ ಹಾಕಿದರು. ಉಸಿರಿನ ಸದ್ದೇ ಜಾಸ್ತಿ ಇತ್ತು.

"ಏನ್ರೀ... ಈಗ ಅಲ್ಲಿ ಎಷ್ಟಾತ್ರಿ?"

ಮಾವನವರು ಕೈ ನೋಡಿಕೊಂಡು, "ಏಳಾತು" ಅಂದರು.

"ಅದು ನನ್ನ ಟೈಮ್ ರೀ." ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ಯಾವಾಗ್ಲೂ ನಂದ ನೋಡ್ಕೋಂತ ಕುಂತೀರಿ. ನಿಮ್ಮದು ಹೇಳ್ರಿ. ಊಟದ ಹೊತ್ತಾತೇನು?"

ಅವರು ಗೋಡೆಯ ಕಡೆಗೆ ತಲೆ ಎತ್ತಿದರು. ಕನ್ನಡಕ ಹಣೆಯ ಮೇಲಿತ್ತು. ಅದನ್ನು ಇಳಿಸಿಕೊಂಡು ಮುಳ್ಳು ಗುರುತಿಸುವಷ್ಟರಲ್ಲಿ ಫೋನ್ ಕಡಿದುಹೋಯಿತು. ಮತ್ತೆ ಹಚ್ಚಿದೆವು. ಅಂದೆಲ್ಲ ಹಚ್ಚಿದೆವು. ಮರುದಿನ ಬಂದದ್ದು ಬೇರೆ ಫೋನು, ಬೇರೆ ದನಿ.

ಲಿಂಗಾಯತರಲ್ಲಿ ಸತ್ತವರನ್ನು ಕೂಡಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುವುದು ರೂಢಿ. ಚಿಕ್ಕಮ್ಮನ ಮಗ ದೂರದಿಂದ ನೋಡಿ ಬಂದು ಫೋನ್ ಮಾಡಿದಾಗ ಮಾವನವರು ಕೇಳಿದ್ದು ಒಂದೇ ಪ್ರಶ್ನೆ. "ಕುಂಡ್ರಿಸಿದ್ರೇನು?" ಆ ಹುಡುಗ, "ಇಲ್ರಿ ದೊಡ್ಡಪ್ಪ. ಚೀಲದಾಗ ಇದ್ರು. ಮಲಗಿಸಿದ್ರು" ಅಂದ. ವಿಜಯಾ ನೆಲದ ಮೇಲೆ ಬಿದ್ದು ಹೊರಳಾಡಿದಳು. ದುಃಖಕ್ಕೆ ಬರುವ ನಾಲ್ಕು ಜನರೂ ಇಲ್ಲದ ಸಾವು ಅದು. ಪಕ್ಕದ ಮನೆಯ ಡಚ್ ಮುದುಕಿ ಬಾಗಿಲ ಹೊರಗೆ ಹೂವಿನ ಕುಂಡ ಇಟ್ಟು, ಗಂಟೆ ಬಾರಿಸಿ, ದೂರ ಹೋಗಿ ನಿಂತು ಕೈ ಎದೆಗೆ ಒತ್ತಿಕೊಂಡಳು. ನಾವು ಕಂಡ ಸಂತಾಪ ಅಷ್ಟೇ.

ಮಾವನವರು ಅಳಲಿಲ್ಲ. ಸಂಜೆ ಯಂತ್ರದ ಮುಂದೆ ಕೂತರು, ಹಿಡಿಕೆ ಮುಟ್ಟಲಿಲ್ಲ. ನಾನು ಪಕ್ಕದಲ್ಲಿ ಕೂತೆ.

"ಗಡ್ಡದಜ್ಜನ ಹೇಣತಿನೂ ಬಾಳ ವರ್ಷ ಜಡ್ಡಾಗಿದ್ಲು" ಎಂದರು ತಾವಾಗಿಯೇ. "ಇಂವ ಹಡಗ, ತಂತಿ ಅಂತ ಅಡ್ಡಾಡತಿದ್ದ. ಅಕಿ ಸತ್ತ ಮ್ಯಾಲ ಒಂದ ದೊಡ್ಡ ದೋಣಿ ಕೊಂಡ. ಸಮುದ್ರದಾಗ ಇರಾಕ ಹತ್ತಿದ. ಆಮ್ಯಾಲ ಈ ಮಷೀನ ಮಾಡಿದ. ಇಷ್ಟು ವರ್ಷ ಪಾಠ ಮಾಡಿದ್ನೆಲ್ಲರಿ, ಹುಡುಗೂರಿಗೆ ಇದೊಂದು ಹೇಳೇ ಇಲ್ಲ. ಸಿಲೆಬಸ್ಸಿನಾಗ ಇರಲಿಲ್ಲ."

ಆತ ಮುಂದೆ ಎರಡನೆಯ ಮದುವೆಯಾಗಿ ಸುಖವಾಗಿದ್ದ ಎಂಬುದನ್ನು ನಾನು ಎಲ್ಲೋ ಓದಿದ್ದೆ. ಅದು ಅವರಿಗೆ ಗೊತ್ತಿರದೆ ಇರಲಿಲ್ಲ. ಹೇಳಲಿಲ್ಲ. ನಾನೂ ಎತ್ತಲಿಲ್ಲ.

"ತಂತಿ ಹಾಸಿದ, ಪುಣ್ಯಾ ಕಟ್ಟಿಕೊಂಡ ಅಂತಿದ್ದೆ" ಎಂದರು. "ತಂತ್ಯಾಗ ಮಾತು ಹೊಕ್ಕೈತಿ. ಸೂಜಿ ಹೋಗೂದಿಲ್ಲ, ಕೈ ಹೋಗೂದಿಲ್ಲ. ಅಕಿನ್ನ ಬಿಟ್ಟು ನಾ ಹಿತ್ತಾಳಿ ನೋಡಾಕ ಬಂದ್ನೆಲ್ಲರಿ."

ನೀವು ಇದ್ದಿದ್ದರೂ ಒಳಗೆ ಬಿಡುತ್ತಿರಲಿಲ್ಲ ಎಂದೆ. ನಿಜವಾದ ಮಾತೇ. ಆದರೆ ಆಡಿದ ಮೇಲೆ ನನ್ನ ನಾಲಿಗೆಗೇ ಅದು ಮಣ್ಣಿನಂತೆ ರುಚಿಯಿಲ್ಲದಂತಾಯಿತು. ಅವರು ಎದ್ದು ಗೋಡೆಯ ಗಡಿಯಾರದ ಕೆಳಗೆ ಹೋಗಿ ನಿಂತರು. ಕನ್ನಡಕ ಸರಿಮಾಡಿಕೊಂಡು, ಕೈಗಡಿಯಾರ ಬಿಚ್ಚಿ, ಕೀ ಎಳೆದು, ಮುಳ್ಳನ್ನು ಹಿಂದಕ್ಕೆ ತಿರುವುತ್ತ ತಿರುವುತ್ತ ಗೋಡೆಯ ವೇಳೆಗೆ ತಂದು ನಿಲ್ಲಿಸಿದರು. ಇನ್ನು ಗದಗಿನಲ್ಲಿ ಯಾರ ವೇಳೆ ಕಾಯಬೇಕು, ಹಾಗಾಗಿ ಬಿಟ್ಟುಕೊಟ್ಟರು ಎಂದುಕೊಂಡೆ.

ಆಗಸ್ಟ್ ಕೊನೆಗೆ ಬೆಂಗಳೂರಿಗೆ ವಿಮಾನ ಸಿಕ್ಕಿತು. ಅತ್ತೆ ಕಾಯಿರಿ ಎಂದದ್ದು ಆ ವಿಮಾನಕ್ಕೆ. ನಮ್ಮ ಜೊತೆಯೇ ಇರಿ ಎಂದು ವಿಜಯಾ ಕಾಲು ಹಿಡಿದಳು. ಅವರು ಕೇಳಲಿಲ್ಲ. ವಿಮಾನ ನಿಲ್ದಾಣ ಭಣಗುಟ್ಟುತ್ತಿತ್ತು. ಪ್ರಯಾಣಿಕರನ್ನು ಬಿಟ್ಟು ಬೇರೆಯವರನ್ನು ಒಳಗೆ ಬಿಡದ ಕಾರಣ ಬಾಗಿಲಲ್ಲೇ ನಿಂತೆವು. ಅನ್ವಿ ಅಜ್ಜನನ್ನು ಅಪ್ಪಿಕೊಳ್ಳಬಹುದೋ ಇಲ್ಲವೋ ಎಂದು ನನ್ನ ಮುಖ ನೋಡಿದಳು. ಏನಾದರೂ ಮಾತಾಡಬೇಕಲ್ಲ ಎಂದು ನಾನು, "ಮಾವ, ವಾಚಲ್ಲಿ ಇಂಡಿಯಾ ಟೈಮ್ ಸೆಟ್ ಮಾಡ್ಕೊಂಡ್ಬಿಡಿ, ಇಳಿದಾಗ ಕನ್‌ಫ್ಯೂಸ್ ಆಗುತ್ತೆ" ಅಂದೆ.

ಅವರು ತೋಳು ಸರಿಸಿ ಗಡಿಯಾರ ನೋಡಿಕೊಂಡರು.

"ಬ್ಯಾಡ್ರಿ. ಅಕಿ ಕೇಳಿದ್ದು ಇದ ಟೈಮ್. ನಾ ಹೇಳಲಿಲ್ಲ" ಅಂದರು. ಪೆಟ್ಟಿಗೆ ಎಳೆದುಕೊಂಡು ಒಳಗೆ ಹೋದರು.